ಗುಡಿಗೆ ದರ ಕಟ್ಟಿದ ಮಾಮಾ

ನಮ್ಮ ಮಾಮಾ ಆಯುಷ್ಯದಲ್ಲಿ ಒಮ್ಮೆಯೂ ಬಾಯಿಬಿಟ್ಟು ಒಂದು ವಸ್ತುವಿನ ದರ ಹೇಳಿದವನಲ್ಲ ಎಂದರೆ ನಂಬುತ್ತೀರಾ? ಗಡಿಯಾಚೆಯ ನಿಲಂಗಾದ ಧಾನ್ಯದ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟುಕೊಂಡು ತೊಗರಿ, ಜೋಳ ಮಾರಿಸಿಕೊಡುವ ಮನುಷ್ಯ! ಮತ್ತೆ ವ್ಯಾಪಾರ ಹೇಗೆ ಅನ್ನುತ್ತೀರಿ. ಹೆಗಲ ಮೇಲೆ ಟವೆಲ್ ಇತ್ತಲ್ಲ! ಕೊಳ್ಳುವವನ ಕೈ, ಮಾಮಾನ ಕೈ ಎರಡೂ ಅದರ ಕೆಳಗೆ ಹೋಗುತ್ತಿದ್ದವು. ಯಾವ ಬೆರಳು ಹಿಡಿದರೆ ಎಷ್ಟು ಎಂಬುದು ಅವರಿಬ್ಬರಿಗೆ ಮಾತ್ರ ಗೊತ್ತು. ಸುತ್ತ ನಿಂತವರು ಮುಖ ನೋಡಿ ಅಂದಾಜು ಮಾಡಬೇಕು. ಹಿಂದೆ ಪೇಟೆಯವರೆಲ್ಲ ಹೀಗೇ ಮಾಡುತ್ತಿದ್ದರು. ಉಳಿದವರು ಕಾಲ ಬದಲಾದಂತೆ ಬಿಟ್ಟರು. ಮಾಮಾ ಬಿಡಲಿಲ್ಲ, ಮನೆಗೂ ತಂದ.

ಬಾಗಿಲಿಗೆ ಮೆಂತ್ಯೆ ಮಾರುವ ಮುದುಕಿ ಬಂದರೂ ಟವೆಲ್ ಹರಡುವುದೇ! "ಸಾವ್ಕಾರ್ರ, ಬೆರಳ ಹಿಡದು ಪಲ್ಯಾ ಮಾರೂ ವಯಸ್ಸ ನಂದು ದಾಟ್ಯಾದ. ಬಾಯಿಲೇ ಮಾತಾಡ್ರಿ" ಎಂದು ಆಕೆ ಬೈಯುತ್ತಿದ್ದಳು. ನನ್ನ ಮದುವೆಯ ಮಾತಿಗೆ ಉದಗೀರದವರು ಬಂದರು. ಎಷ್ಟು ಮಂದಿ ಬರುತ್ತೀರಿ ಎಂದು ಬೀಗರನ್ನು ಎಲ್ಲರೆದುರು ಕೇಳುವುದು ಮರ್ಯಾದೆಯೇ? ಮಾಮಾ ಅವರ ಕೈಮೇಲೆ ಟವೆಲ್ ಹೊದಿಸಿದ. ಬೀಗರು ಶಾಲೆಯ ಮಾಸ್ತರರು, ಪೇಟೆಯ ಲೆಕ್ಕ ಅವರಿಗೇನು ತಿಳಿಯಬೇಕು? ಸಂಬಂಧ ಕೂಡಿತೆಂಬ ಸಂತೋಷಕ್ಕೆ ಐದೂ ಬೆರಳು ಸೇರಿಸಿ ಪ್ರೀತಿಯಿಂದ ಒತ್ತಿದರು. ಮಾಮಾ ಐನೂರು ಜನಕ್ಕೆ ಹುಗ್ಗಿ ಮಾಡಿಸಿದ. ಬೀಗರ ಕಡೆಯವರು ಒಂದೇ ಟೆಂಪೋದಲ್ಲಿ ಬಂದಿಳಿದರು! ಉಳಿದ ಹುಗ್ಗಿ ತಿಂದು ತಿಂದು ಓಣಿಯ ದನಗಳೂ ಮುಖ ತಿರುಗಿಸಿದವು.

ಇಂಥವನ ಕೈಗೆ ಸಿಕ್ಕಿತು ಊರ ಹಳೆಯ ಗುಡಿ.

ಪೇಟೆಗೆ ಹತ್ತಿಕೊಂಡೇ ಇರುವ ಶಿವನ ಗುಡಿ ಅದು. ಮುಂದೆ ಕಲ್ಲಿನ ಮಂಟಪ, ಸುತ್ತ ಕೂರಲು ಕಟ್ಟೆ. ತೊಂಬತ್ತಮೂರರ ಭೂಕಂಪದಲ್ಲಿ ಮಂಟಪ ಒಂದು ಬದಿಗೆ ವಾಲಿತು. ಅದೇ ಭೂಕಂಪದಲ್ಲಿ ನಮ್ಮ ಹಳ್ಳಿ ಪೂರಾ ನೆಲ ಕಚ್ಚಿತು, ಅವ್ವ ಅದರೊಳಗೇ ಹೋದಳು. ಓದಲೆಂದು ಅವಳ ತಮ್ಮ ಈ ಮಾಮಾನ ಮನೆಗೆ ಬಂದಿದ್ದ ನಾನು ಉಳಿದೆ. ಆಮೇಲೆ ತವರೆಂದರೆ ನನಗೆ ಆ ಮನೆಯೇ.

ಮದುವೆಯಾದ ಮೇಲೆ ಒಂದು ನಾಗರ ಪಂಚಮಿಗೆ ಬಂದಾಗ ನೋಡುತ್ತೇನೆ, ಊರಲ್ಲಿ ಅದೇ ಸುದ್ದಿ. ರಸ್ತೆ ಅಗಲ ಮಾಡಬೇಕು, ಮಂಟಪ ಅಡ್ಡ ಇದೆ. ಕೆಡವುವ ಮೊದಲು ಅದರಿಂದ ಊರಿಗೆ ಸಾಮಾಜಿಕವಾಗಿ, ಆರ್ಥಿಕವಾಗಿ ಏನಾದರೂ ಪ್ರಯೋಜನ ಇದೆಯೋ ಅಳೆದು ಹೇಳಲು ಸರಕಾರ ಪುಣೆಯಿಂದ ಒಬ್ಬ ಹುಡುಗಿಯನ್ನು ಕಳಿಸಿದೆ. ಪ್ರಯೋಜನ ಕಂಡರೆ ರಿಪೇರಿ, ಇಲ್ಲದಿದ್ದರೆ ಜೆಸಿಬಿ.

ಹುಡುಗಿ ಅಂಗಡಿ ಅಂಗಡಿ ಹತ್ತಿ ಕೇಳಿದಳು. ಅರಿವೆ ಅಂಗಡಿಯವರು "ಅದರ ಕಿಮ್ಮತ್ತು ಕಟ್ಟಲಿಕ್ಕಿ ಆಗ್ತದೇನ್ರಿ!" ಎಂದು ಕೈಮುಗಿದರು. ಸರಿ, ಅದನ್ನು ಉಳಿಸಲು ವರ್ಷಕ್ಕೆ ಏನು ಕೊಡುತ್ತೀರಿ ಎಂದದ್ದೇ ತಡ, ಅವರಿಗೆ ಗೋದಾಮಿನಲ್ಲಿ ತುರ್ತು ಕೆಲಸ ನೆನಪಾಯಿತು. ಬೇರೆಯವರೂ ಅಷ್ಟೆ. ಪಕ್ಕದ ಅಂಗಡಿಯವನು ಕಿವಿಗೊಟ್ಟು ನಿಂತಿರುವಾಗ ನಿಜ ಯಾರು ಹೇಳುತ್ತಾರೆ?

ಮಾಮಾ ಇದನ್ನೆಲ್ಲ ನೋಡಿ ನೋಡಿ ಎದ್ದ. "ತಾಯಿ, ಹಿಂಗ ಬಾಯಿಲೇ ಕೇಳಿದರ ದೇವರೂ ಸುಳ್ಳ ಹೇಳ್ತಾನ. ನಾ ಕೇಳ್ತೀನಿ, ನೀ ಬರಕೋ" ಎಂದು ಟವೆಲ್ ಕೊಡವಿದ.

ಮಾಮಿಗೆ ಸಿಟ್ಟು ಬಂತು. "ಕೊಳ್ಳಾಗ ಲಿಂಗ ಕಟಗೊಂಡ ಮನಷ್ಯಾ ನೀವು. ಒಂದ ದಿನಾ ಆ ಗುಡಿ ಹೊಸ್ತಿಲಾ ದಾಟಿಲ್ಲ. ಈಗೇನು ಉಸಾಬರಿ?"

"ಒಳಗ ಯಾರ ಹೊಂಟಾರ? ನಾ ಮಂಟಪದ ಮಾತ ಆಡ್ಲಿಕತ್ತೀನಿ" ಎಂದು ಮಾಮಾ ನಡೆದೇಬಿಟ್ಟ.

ಮಂಟಪದ ಮುಂದೆ ನಿಂತು ಹೋಗಿಬರುವವರ ಕೈಯನ್ನೆಲ್ಲ ಟವೆಲ್ಲಿನ ಕೆಳಗೆ ಎಳೆದುಕೊಳ್ಳತೊಡಗಿದ. ಮಂಟಪದ ಕಡೆ ಗೋಣು ಹಾಕಿ "ಹೂಂ, ಇದಕ್ಕ ನಿಮ್ಮ ಮಾತೇನು?" ಅನ್ನುವುದು, ಬೆರಳು ಹಿಡಿಯುವುದು, ಹುಡುಗಿಯ ಕಿವಿಯಲ್ಲಿ ಉಸುರುವುದು. ಕೆಲಸವೇನೋ ಚಂದ ಸಾಗಿತ್ತು. ಆದರೆ ನಮ್ಮ ಕಡೆ ಟವೆಲ್ಲಿನ ಕೆಳಗೆ ಕೈ ಹೋಯಿತೆಂದರೆ ಏನರ್ಥ? ಮಾಲು ಮಾರಾಟಕ್ಕಿದೆ ಎಂದರ್ಥ! ಇಷ್ಟು ವರ್ಷ ಅದೇ ಕೆಲಸ ಮಾಡಿದ ಮಾಮಾನಿಗೆ ಇದು ಹೊಳೆಯಲಿಲ್ಲ, ನೋಡಿ.

ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿತು. ಅಡತಿ ಸಾವ್ಕಾರ ಗುಡಿ ಮಾರುತ್ತಿದ್ದಾನೆ, ಪುಣೆಯಿಂದ ಗಿರಾಕಿ ಬಂದಿದೆ, ಕಲ್ಲುಗಳೆಲ್ಲ ಯಾರದೋ ಬಂಗಲೆಗೆ ಹೋಗುತ್ತವಂತೆ! ವಲಾಂಡಿ ಹಳ್ಳಿಯ ಒಬ್ಬ ರೈತ ನಿಜವಾಗಿಯೂ ಕೈ ಚಾಚಿ, "ಕಂಬ ಬಿಡಿ ಬಿಡಿ ಕೊಡ್ತೀರೇನು? ಕೊಟ್ಟಿಗಿಗಿ ಬೇಕಾಗ್ಯಾವ" ಎಂದು ಚೌಕಾಸಿಗಿಳಿದ.

ಆಮೇಲೆ ಜನ ಬಂತು ನೋಡಿ! "ಮಂದಿರ ವಿಕತಾಯ್ ಕಾ?" ಎಂದು ಮರಾಠಿಯಲ್ಲಿ ಕೂಗುವವರು ಕೂಗಿದರು, ಗುಡಿ ಮಾರತೀಯಾ ಎಂದು ಕನ್ನಡದಲ್ಲಿ ಬೈಯುವವರು ಬೈದರು. ಮೆಂತ್ಯೆ ಮುದುಕಿ ಬುಟ್ಟಿ ಇಳಿಸಿ ಮಾಮಾನ ಟವೆಲ್ ಹಿಡಿದೆಳೆದಳು. "ಇದನ ಮಾರಿದರ ಉರಿ ಬಿಸಲಾಗ ನಾ ಎಲ್ಲಿ ಕುಂದರ್ಲಿ? ನಿನ್ನ ತಲಿ ಮ್ಯಾಲೇನು?" ಕೋರ್ಟಿನ ತಾರೀಕಿಗೆ ಬಂದ ಅಣ್ಣತಮ್ಮಂದಿರಿಬ್ಬರು, ಹೊಲದ ಜಗಳದಲ್ಲಿ ಮಾತು ಬಿಟ್ಟವರು, ಒಂದೇ ದನಿಯಲ್ಲಿ ಚೀರಿದರು. "ನಾವು ಬುತ್ತಿ ಬಿಚ್ಚೂದು ಇಲ್ಲೇ ರೀ! ನಮ್ಮವ್ವ ಇಬ್ಬರದೂ ಒಂದ ಗಂಟಿನ್ಯಾಗ ಕಟ್ಟತಾಳ!" ವಕೀಲರು ಮಾಡಿಸಿದ್ದಕ್ಕಿಂತ ಹೆಚ್ಚು ರಾಜಿ ಆ ಕಟ್ಟೆಯ ಮೇಲೆ ಆಗಿವೆ ಎಂದು ಚಹಾದಂಗಡಿಯವನು ಸಾಕ್ಷಿ ನುಡಿದ. ಅವನ ಗಿರಾಕಿಯೆಲ್ಲ ಆ ಕಟ್ಟೆಯವರೇ. ಗೋದಾಮಿಗೆ ಓಡಿದ್ದ ಅರಿವೆ ಅಂಗಡಿಯವರೂ ಓಡುತ್ತ ಬಂದರು! ಹಳ್ಳಿಯ ಹೆಂಗಸರು ಅಲ್ಲಿ ದಣಿವಾರಿಸಿಕೊಂಡೇ ಸೀರೆ ನೋಡಲು ಅವರಲ್ಲಿಗೆ ಹೋಗುವುದು.

ಮಾಮಾ ಬೆವತು ಮುದ್ದೆಯಾಗಿದ್ದ. "ಮಾರಾಂಗಿಲ್ರೋ ಯಪ್ಪಾ, ಅಳೀಲಿಕತ್ತೀನಿ!" ಎಂದರೆ ಕೇಳುವವರು ಯಾರು? ಪುಣೆಯ ಹುಡುಗಿ ಮಾತ್ರ ತಲೆ ಎತ್ತದೆ ಬರೆಯುತ್ತಿದ್ದಳು. ಅಂಗಡಿ ಅಂಗಡಿ ಅಲೆದರೂ ಸಿಗದದ್ದು ಒಂದು ಸಂಜೆಯ ಬೈಗುಳದಲ್ಲಿ ಸಿಕ್ಕಿತ್ತು. ಹೊರಡುವಾಗ ಆಕೆ ಮಾಮಾನ ಕಾಲು ಮುಟ್ಟಿ ನಮಸ್ಕರಿಸಿ, "ಕಾಕಾ, ನಿಮ್ಮ ದರ ಎಷ್ಟು? ಅದೊಂದು ಹೇಳಲೇ ಇಲ್ಲ" ಎಂದು ಮರಾಠಿಯಲ್ಲಿ ಕೇಳಿದಳು. ಮಾಮಾ ಆಕೆಗೆ ಚಹಾ ತರಿಸಿದ.

ನಾನು ಉದಗೀರಕ್ಕೆ ಮರಳಿದೆ. ಕೆಲವು ತಿಂಗಳ ಮೇಲೆ ಮಾಮಾನ ಫೋನು ಬಂತು. ಮಂಟಪ ಉಳಿಯಿತು, ರಸ್ತೆಯೇ ಸ್ವಲ್ಪ ಬಾಗುತ್ತದಂತೆ. "ನೀ ಒಂದೀಟ ಬಂದ ಹೋಗು" ಎಂದ. ಸಿಕ್ಕ ಬಸ್ಸು ಹತ್ತಿದೆ. ಮಾಮಾ ಮನೆಗೂ ಕರೆದೊಯ್ಯದೆ ಬಸ್‌ಸ್ಟ್ಯಾಂಡಿನಿಂದ ನೇರ ಮಂಟಪಕ್ಕೆ ಕರೆತಂದ. ಚೇಷ್ಟೆಯಿಲ್ಲ, ನಗುವಿಲ್ಲ. ನನಗೆ ಹೆದರಿಕೆಯೇ ಆಯಿತು.

"ನಿಮ್ಮವ್ವ ಸಂತಿಗಿ ಬಂದಾಗೆಲ್ಲಾ ಇಲ್ಲೇ ಕುಂದರತಿದ್ಳು. ನಾ ಅಂಗಡಿ ಬಿಟ್ಟ ಬರೂತನಾ ಕಾಯತಿದ್ಳು" ಎಂದ. "ಆಕಿ ಮನಿ ಉಳೀಲಿಲ್ಲ, ಓಣಿ ಉಳೀಲಿಲ್ಲ, ನೀರ ಸೇದೂ ಬಾವಿ ಸುದ್ದಾ ಮುಚ್ಚಿ ಹೋತು. ಅಕ್ಕ ಇಲ್ಲಿ ಕುಂತಿದ್ಳು ಅಂತ ಬೆರಳ ಮಾಡಿ ತೋರ್ಸಲಿಕ್ಕಿ ಭೂಮಿ ಮ್ಯಾಲ ಇದೊಂದ ಜಾಗಾ ಅದ. ನೀ ಸಣ್ಣಾಕಿ ಇದ್ದಾಗ ಅಳಸೂದು ಯಾಕ ಅಂತ ಬಿಟ್ಟೆ. ಕೆಡವತಾರ ಅಂದ ಮ್ಯಾಲ ಈ ಮಾತ ನಿನಗ ಹ್ಯಾಂಗ ಹೇಳ್ಲಿ? ಒಮ್ಮಿ ಕಳಕೊಂಡಾಕಿ ನೀ. ಮತ್ತೊಮ್ಮಿ ಯಾಕ ಅಂತ ಸುಮ್ನಿದ್ದೆ."

ಹೋಗಿ ಕಟ್ಟೆಯ ಮೇಲೆ ಕೂತೆ. ಮಾಮಾ ಒಪ್ಪಬೇಕಲ್ಲ!

"ಅಲ್ಲಲ್ಲ, ಇತ್ತಾಗ ಸರಿ. ಆಕಿ ಕಂಬಕ್ಕ ಬೆನ್ನ ಕೊಡತಿದ್ಳು."

ಸರಿದು ಕಂಬಕ್ಕೆ ಬೆನ್ನು ಕೊಟ್ಟೆ. ಮಾಮಾ ಎದುರು ನಿಂತು ಬಹಳ ಹೊತ್ತು ನೋಡಿದ. "ಹಾಂ, ಹಿಂಗ" ಎಂದ.