ರುಬ್ಬುವ ಕಲ್ಲಿನ ಮೇಲೆ ದಾವೆ

ಮೊದಲೇ ಆಣೆ ಮಾಡಿ ಹೇಳಿಬಿಡುತ್ತೇನೆ: ಇಲ್ಲಿ ಬರೆದದ್ದು ಅಕ್ಷರಶಃ ಸತ್ಯ. ಬಲಗೈಯಿಂದ ಬರೆಯುತ್ತಿದ್ದೇನೆ, ಎಡಗೈ ಮೊಮ್ಮಗಳ ಅಂಕಲಿಪಿಯ ಮೇಲಿದೆ. ಆಣೆ ಮಾಡಲು ಈ ಹೊತ್ತಿಗೆ ಕೈಗೆ ಸಿಕ್ಕ ಪುಸ್ತಕ ಅದೊಂದೇ. ಮನೆ, ಜಾಗ, ಗೋಡೆಯ ವ್ಯಾಜ್ಯ ಅಂದರೆ ಜನ ಮುಖ ಗಂಟು ಹಾಕಿಕೊಳ್ಳುತ್ತಾರೆ. ನನ್ನ ಅನುಭವವೇ ಬೇರೆ. ಇಬ್ಬರು ಗೋಡೆಗೆ ಜಗಳಾಡಲಿ, ಗಟಾರಕ್ಕೆ ಜಗಳಾಡಲಿ, ನೋಡುವ ಮೂರನೆಯವನಿಗೆ ನಗು ಬರುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಆ ಮೂರನೆಯವನು ಬಹಳ ಸಲ ನಾನೇ ಆಗಿರುತ್ತಿದ್ದೆ.

ಅರವತ್ತರ ದಶಕದ ಮಾತು. ಭಾಲ್ಕಿ ಕಡೆಯವನಾದ ನಾನು ನಾಸಿಕದಲ್ಲಿ ಒಬ್ಬ ವಕೀಲರ ಹತ್ತಿರ ಕಾರಕೂನನಾಗಿದ್ದೆ. ಮನೆಯಲ್ಲಿ ಕನ್ನಡ, ನಿಜಾಮನ ಕಾಲದ ಸಾಲೆಯಲ್ಲಿ ಕಲಿತ ಉರ್ದು, ಹೊಟ್ಟೆಪಾಡಿಗೆ ಮರಾಠಿ. ಮುಂದಿನ ತಾರೀಖು ಕೊಡಿ ಅಂತ ಮೂರೂ ಭಾಷೆಯಲ್ಲಿ ಕೇಳುವ ಕಾರಕೂನ ಆ ಕೋರ್ಟಿನಲ್ಲಿ ನಾನೊಬ್ಬನೇ. ವಕೀಲ ಸಾಹೇಬರು ಕರಿ ಕೋಟು ಹಾಕುತ್ತಿದ್ದರು, ಕೇಸು ನಾನು ಗೆಲ್ಲುತ್ತಿದ್ದೆ. ಈ ಸಂಗತಿ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ.

ನೂರಾರು ಕೇಸುಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ಕೋರ್ಟಿನ ಮಾತೆಲ್ಲ ಮರಾಠಿಯಲ್ಲಿ ನಡೆದದ್ದು, ನಿಮಗಾಗಿ ಕನ್ನಡ ಮಾಡಿದ್ದೇನೆ.

೧. ಒಂದಡಿ ಎತ್ತರದ ಕಟ್ಟಡ

ನಾಸಿಕದಲ್ಲಿ ಉಡುಪಿ, ಕುಂದಾಪುರದ ಕಡೆಯವರು ಯಾರೇ ಹೋಟೆಲ್ ಇಟ್ಟರೂ ಊರು ಅವರನ್ನು ಕರೆಯುವುದು 'ಅಣ್ಣಾ' ಅಂತಲೇ. ನಮ್ಮ ಅಣ್ಣಾ ವಾಡೆ ಅನ್ನುವ ಹಳೆಯ ಅಂಗಳದ ಮನೆಯೊಂದರ ಮುಂಭಾಗದಲ್ಲಿ ಬಾಡಿಗೆಗೆ ಹೋಟೆಲ್ ನಡೆಸುತ್ತಿದ್ದರು. ಹಿಂದಿನ ಅಂಗಳದಾಚೆ ವಾಡೆಯ ಮಾಲಕರು ಇದ್ದರು. ಅವರನ್ನು ಎಲ್ಲರೂ 'ಕಾಕಾ' ಅನ್ನುತ್ತಿದ್ದರು, ಅವರ ಹೆಂಡತಿಯನ್ನು 'ಕಾಕು'.

ಅಣ್ಣಾನ ಅಡಿಗೆಮನೆಯಲ್ಲಿ ಒಂದು ಭಾರೀ ರುಬ್ಬುವ ಕಲ್ಲಿತ್ತು. ಉದ್ದಿನಬೇಳೆ ರುಬ್ಬುವಾಗ ಅದು ಜಾರಿ ಜಾರಿ ಬಾಗಿಲವರೆಗೆ ಹೋಗುತ್ತಿತ್ತು, ಹಿಂದೆಯೇ ರುಬ್ಬುವವನೂ ಹೋಗುತ್ತಿದ್ದ. ಬೇಸತ್ತ ಅಣ್ಣಾ ಒಬ್ಬ ಮೇಸ್ತ್ರಿಯನ್ನು ಕರೆಸಿ, ನೆಲ ಅಗೆಸಿ, ಸಿಮೆಂಟು ಹಾಕಿಸಿ ಕಲ್ಲನ್ನು ಕೂಡಿಸಿದರು. ಎರಡು ವರ್ಷ ಕಾಕಾ ಆ ಕಲ್ಲಿನ ಇಡ್ಲಿಯನ್ನೇ ತಿಂದರು. ಆಮೇಲೆ ಹತ್ತಿರದ ಘೋಟಿ ಊರಿನಲ್ಲಿದ್ದ ಅವರ ಅಳಿಯನಿಗೆ ನಾಸಿಕದಲ್ಲಿ ರೇಡಿಯೋ ಅಂಗಡಿ ಇಡುವ ಆಸೆ ಹುಟ್ಟಿತು. ಅದಕ್ಕೆ ಹೋಟೆಲಿನ ಜಾಗವೇ ಬೇಕಂತೆ.

ಆಗಿನ ಕಾಯಿದೆಯಲ್ಲಿ ಬಾಡಿಗೆದಾರನನ್ನು ಸುಮ್ಮನೆ ಎಬ್ಬಿಸುವಂತಿರಲಿಲ್ಲ, ಕಾರಣ ಬೇಕು. ಮಾಲಕರ ಒಪ್ಪಿಗೆಯ ಪತ್ರ ಇಲ್ಲದೆ ಬಾಡಿಗೆ ಜಾಗದಲ್ಲಿ ಕಾಯಂ ಕಟ್ಟಡ ಕಟ್ಟಿದರೆ ಅದೊಂದು ಕಾರಣ. ಕಾಕಾನ ವಕೀಲರು ಅಡಿಗೆಮನೆಯಲ್ಲಿ ಇಣುಕಿ ಕಲ್ಲು ನೋಡಿದರು, ದಾವೆ ಹೂಡಿಯೇಬಿಟ್ಟರು.

ಸಮನ್ಸ್ ಹಿಡಿದು ಕೋರ್ಟಿನ ಬೇಲೀಫ ನಾಷ್ಟಾದ ಹೊತ್ತಿಗೆ ಬಂದ. ಅಂಗಡಿಯ ಮೆಟ್ಟಿಲು ಹತ್ತಿದವರನ್ನು ಬರಿಹೊಟ್ಟೆಯಲ್ಲಿ ಕಳಿಸಿ ಅಣ್ಣಾನಿಗೆ ಗೊತ್ತಿಲ್ಲ. ಮೊದಲು ಇಡ್ಲಿ ಕೊಟ್ಟರು, ಆಮೇಲೆ ದೋಸೆ. ಕಾಫಿ ಕುಡಿದು ಕೈ ಒರೆಸಿಕೊಂಡ ಬೇಲೀಫ, "ಅಣ್ಣಾ, ಮನಸ್ಸಿಗೆ ಬೇಸರ ಮಾಡ್ಕೋಬೇಡಿ, ನಿಮ್ಮನ್ನು ಇಲ್ಲಿಂದ ಎಬ್ಬಿಸೋ ಕಾಗದ ತಂದಿದ್ದೇನೆ" ಅಂದ.

ಅಣ್ಣಾ ಆ ಕಾಗದ ಹಿಡಿದು ನಮ್ಮಲ್ಲಿಗೆ ಓಡಿಬಂದರು. ನಾನು ಓದಿ ಹೇಳಿದೆ: "ನೀವು ಕಾಯಂ ಕಟ್ಟಡ ಕಟ್ಟೀರಿ ಅಂತ ಬರದಾರ್ರಿ."

"ಕಟ್ಟಡವಾ? ನಾನಾ?" ಅಣ್ಣಾ ಕಂಗಾಲಾದರು. "ಎಷ್ಟು ಮಾಳಿಗೆಯದ್ದಂತೆ ಮಾರಾಯ್ರೇ?"

"ಕಲ್ಲಿನ ಬಗ್ಗೆ ಹೇಳ್ಯಾರ್ರಿ. ರುಬ್ಬೋ ಕಲ್ಲು."

"ಅದೊಂದು ಕಲ್ಲಿಗೆ ನನ್ನ ಹೋಟ್ಲು ಹೋಗ್ತದಾ? ಆರು ಜನ ಅಡಿಗೆಯವರಿದ್ದಾರೆ, ಎಲ್ಲ ಊರಿಂದ ನನ್ನ ನಂಬಿ ಬಂದವರು. ಅವರನ್ನು ಎಲ್ಲಿ ಕೂರಿಸಲಿ ನಾನು?"

ಅವರ ಕಣ್ಣಲ್ಲಿ ನೀರಿತ್ತು. ನಾನು ಎದೆ ತಟ್ಟಿಕೊಂಡು ಹೇಳಿದೆ: "ಚಿಂತಿ ಮಾಡಬ್ಯಾಡ್ರಿ ಅಣ್ಣಾ. ನಾ ಅದೀನಿ."

ಅಣ್ಣಾ ಕಣ್ಣೊರೆಸಿಕೊಂಡು ಹೇಳಿದರು: "ಅದೇ ಈಗ ಇನ್ನೊಂದು ಚಿಂತೆ ಮಾರಾಯ್ರೇ."

೨. ಪೈಲ್ವಾನನ ಪಂಚನಾಮೆ

ಇಡೀ ಕೇಸು ಒಂದೇ ಪ್ರಶ್ನೆಯ ಮೇಲೆ ನಿಂತಿತು. ಆ ಕಲ್ಲು ಪಾತ್ರೆಯೋ, ಕಟ್ಟಡವೋ? ನೆಲ ಒಡೆಯದೆ ಎತ್ತಲು ಬಂದರೆ ಅದು ಬೋಗುಣಿ, ಸೌಟುಗಳ ಜಾತಿ, ಅಣ್ಣಾ ಗೆದ್ದರು. ಬರದಿದ್ದರೆ ಕಟ್ಟಡ, ಅಣ್ಣಾ ಗಂಟುಮೂಟೆ ಕಟ್ಟಬೇಕು. ನೋಡಿ ವರದಿ ಕೊಡಲು ಕೋರ್ಟು ಒಬ್ಬ ಎಳೆಯ ವಕೀಲರನ್ನು ಕಮಿಷನರ್ ಅಂತ ಕಳಿಸಿತು. ಹೊಸ ಕೋಟು, ಹೊಸ ಟೇಪು, ಹೊಸ ಮೀಸೆ.

ಅಡಿಗೆಮನೆ ತುಂಬಿಹೋಯಿತು. ಒಂದು ಕಡೆ ಕಾಕಾ, ಇನ್ನೊಂದು ಕಡೆ ನಾವು, ಬಾಗಿಲಲ್ಲಿ ಅಣ್ಣಾನ ಹೆಂಡತಿ ಮತ್ತು ಕಾಕು. ಇವರಿಬ್ಬರೂ ಅಂಗಳದ ನಲ್ಲಿಯಲ್ಲಿ ದಿನಾ ಒಟ್ಟಿಗೆ ನೀರು ತುಂಬುವವರು. ಗಂಡಂದಿರು ಕೋರ್ಟಿಗೆ ಹೋದರೂ ಇವರ ಮಾತು ನಿಂತಿರಲಿಲ್ಲ.

"ಎತ್ತಿ ನೋಡೋಣ" ಅಂದರು ಕಮಿಷನರ್.

ನಾಲ್ಕು ಜನ ಅಡಿಗೆಯವರು ಕೈ ಹಚ್ಚಿದರು. ಕಲ್ಲು ಮಿಸುಕಲಿಲ್ಲ. ಕಾಕಾನ ಮುಖ ಅರಳಿತು. ನನಗೆ ತಡೆಯಲಾಗಲಿಲ್ಲ. ಭಾಲ್ಕಿಯ ಗರಡಿಯಲ್ಲಿ ಎಂಟು ವರ್ಷ ಮಣ್ಣು ಮೆತ್ತಿಕೊಂಡವನು ನಾನು. ನನ್ನ ಹೆಸರು ಕೇಳಿದರೆ ಹುಮನಾಬಾದಿನ ಪೈಲ್ವಾನರು ಜ್ವರ ಅಂತ ಮಲಗುತ್ತಿದ್ದರು. "ಸರೀರಿ ಎಲ್ಲಾರೂ" ಅಂದೆ. ಕೋಟು ಬಿಚ್ಚಿದೆ, ಧೋತರ ಬಿಗಿದೆ, ತೊಡೆ ತಟ್ಟಿದೆ, ಕಲ್ಲನ್ನು ತಬ್ಬಿಕೊಂಡು ಒಂದೇ ಉಸಿರಿಗೆ ಎಳೆದೆ.

ಕಟ್ ಅಂತ ಸದ್ದಾಯಿತು.

"ಬಂತು! ಬಂತು!" ಅಂತ ಅಣ್ಣಾ ಕುಣಿದರು. ಬಂದದ್ದು ಕಲ್ಲಲ್ಲ. ಸದ್ದು ನನ್ನ ಸೊಂಟದ್ದು. ತಬ್ಬಿದ ಭಂಗಿಯಲ್ಲೇ ನಾನು ಉಳಿದೆ, ಮೇಲೇಳಲೂ ಆಗಲಿಲ್ಲ, ಕೂಡಲೂ ಆಗಲಿಲ್ಲ. ಕಾಕು ಬಿಸಿ ಉಪ್ಪಿನ ಗಂಟು ತಂದು ಶಾಖ ಕೊಡಿಸಿದರು, ಗಂಡನ ಕಡೆ ತಿರುಗಿ, "ನಿಮ್ಮ ಅಳಿಯನ ರೇಡಿಯೋದಿಂದ ಯಾರ್‍ಯಾರ ಸೊಂಟ ಮುರೀಬೇಕೋ!" ಅಂತ ಬೈದರು.

ಕಮಿಷನರ್ ಮಾತ್ರ ಬಗ್ಗಿಸಿದ ತಲೆ ಎತ್ತದೆ ಬರೆಯುತ್ತಿದ್ದರು. ಮರುದಿನ ಕೋರ್ಟಿನಲ್ಲಿ ಓದಿದ ವರದಿಯ ಕೊನೆಯ ಸಾಲು ಹೀಗಿತ್ತು: "ಕಲ್ಲನ್ನು ಎತ್ತಲು ಸಾಧ್ಯವಾಗಲಿಲ್ಲ. ಪ್ರತಿವಾದಿಯ ವಕೀಲರ ಕಾರಕೂನರನ್ನು ನಾಲ್ಕು ಜನ ಎತ್ತಿ ಹೊರಗೆ ಇಟ್ಟರು."

೩. ಔರಂಗಾಬಾದಿನ ಕಸುಬುಗಾರ

ಈಗ ಒಂದೇ ದಾರಿ ಉಳಿದಿತ್ತು. ಕಲ್ಲು ಕೂಡಿಸಿದ ಮೇಸ್ತ್ರಿಯೇ ಬಂದು, "ಇದನ್ನು ಜಾರದಂತೆ ಸುಮ್ಮನೆ ಇಟ್ಟದ್ದು, ಬೇಕಾದಾಗ ತೆಗೆಯಬಹುದು" ಅಂತ ಹೇಳಬೇಕು. ಮೇಸ್ತ್ರಿ ಔರಂಗಾಬಾದಿನವನು, ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರಲ್ಲ, ಅಲ್ಲಿಯವನು. ನಾಸಿಕದಲ್ಲಿ ಕೆಲಸ ಮುಗಿಸಿ ಊರಿಗೆ ಮರಳಿದ್ದ. ಅವನನ್ನು ತರುವ ಕೆಲಸ ಇನ್ಯಾರಿಗೆ ಬರಬೇಕು? ಉರ್ದು ಬಲ್ಲವನು ನಾನೇ.

ಸೊಂಟಕ್ಕೆ ಪಟ್ಟಿ ಸುತ್ತಿಕೊಂಡು ಬಸ್ಸು ಹತ್ತಿದೆ. ಯೇವಲೆ, ವೈಜಾಪುರ ದಾಟುವಷ್ಟರಲ್ಲಿ ರಸ್ತೆಯ ಒಂದೊಂದು ಗುಂಡಿಯೂ ನನ್ನ ಬೆನ್ನೆಲುಬಿಗೆ ಪರಿಚಯವಾಗಿತ್ತು. ಊರಲ್ಲಿ ಎರಡು ದಿನ ತಿರುಗಿದ ಮೇಲೆ ಒಂದು ಕಂಪೌಂಡ್ ಗೋಡೆಯ ಮೇಲೆ ಕರಣೆ ಹಿಡಿದು ಕೂತಿದ್ದ ಮೇಸ್ತ್ರಿ ಸಿಕ್ಕ. ಬಿಳಿ ಗಡ್ಡ, ನೆಟ್ಟಗಿನ ಬೆನ್ನು. ನಮ್ಮ ಬೀದರದ ಮಾತಿಗೂ ಅವನ ಮಾತಿಗೂ ಸೋದರ ಸಂಬಂಧ. ಚಹಾ ಮುಗಿಯುವುದರೊಳಗೆ ನಾವು ಅಣ್ಣತಮ್ಮಂದಿರಾದೆವು. ಬಸ್ಸಿನಲ್ಲಿ ಬರುವಾಗ ಇಪ್ಪತ್ತು ಸಲ ಬಾಯಿಪಾಠ ಮಾಡಿಸಿದೆ: "ಭಾಯಿ, ಕಲ್ಲು ತೆಗೀಲಿಕ್ಕೆ ಬರತದ ಅಂತ ಒಂದು ಮಾತು ಹೇಳ್ರಿ, ಸಾಕು." ಇಪ್ಪತ್ತು ಸಲವೂ ತಲೆ ಆಡಿಸಿದ.

ಪದ್ಧತಿಯ ಪ್ರಕಾರ ಮೊದಲು ಕಾಕಾನ ಸಾಕ್ಷಿ ಆಗಬೇಕು. ಆದರೆ ಮೇಸ್ತ್ರಿ ದೂರದಿಂದ ಬಂದವನು, ಸಂಜೆಯ ಬಸ್ಸಿಗೇ ಹೋಗಬೇಕು ಅಂತ ಹಟ ಹಿಡಿದ. ಎರಡೂ ಕಡೆಯವರು ಒಪ್ಪಿ ಅವನನ್ನೇ ಮೊದಲು ನಿಲ್ಲಿಸಿದರು. ನಮ್ಮ ವಕೀಲರು ಕೇಳಿದ್ದಕ್ಕೆ ಅವನು ಗಿಳಿಯ ಹಾಗೆ ಒಪ್ಪಿಸಿದ. ನಾನು ಮೀಸೆಯ ಮೇಲೆ ಕೈ ಇಟ್ಟೆ.

ಕಾಕಾನ ವಕೀಲರು ಎದ್ದರು. ಭಾರೀ ಗಟ್ಟಿ ಆಸಾಮಿ. ಒಂದೇ ಒಂದು ಮಾತು ಕೇಳಿದರು: "ಅಂದರೆ ಮೇಸ್ತ್ರಿ, ನಿಮ್ಮ ಕೆಲಸ ಕಚ್ಚಾ ಕೆಲಸ ಅಂತಾಯಿತು?"

ಮೇಸ್ತ್ರಿಯ ಗಡ್ಡ ನಡುಗಿತು. "ಯಾರದು ಕಚ್ಚಾ ಕೆಲಸ?"

"ನೀವೇ ಹೇಳಿದಿರಲ್ಲ, ಯಾರು ಬೇಕಾದರೂ ಕಿತ್ತು ತೆಗೀಬಹುದು ಅಂತ."

"ನಲವತ್ತು ವರ್ಷ ಆಯ್ತು ಕರಣೆ ಹಿಡಿದು!" ಮೇಸ್ತ್ರಿ ಕಟಕಟೆಗೆ ಗುದ್ದಿದ. "ಹುಜೂರ್, ನಾನು ಕೂಡಿಸಿದ ಕಲ್ಲು! ಕೆಳಗೆ ಎರಡಡಿ ಗಚ್ಚು ಹಾಕಿದ್ದೇನೆ. ಈ ಕೋರ್ಟು ಬಿದ್ದರೂ ಆ ಕಲ್ಲು ಏಳೋದಿಲ್ಲ!"

ಅಣ್ಣಾ ತಲೆಯ ಮೇಲೆ ಕೈ ಹೊತ್ತು ಬೆಂಚಿನಲ್ಲಿ ಕುಸಿದರು. ಇಳಿದು ಹೋಗುವಾಗ ಮೇಸ್ತ್ರಿ ಜಡ್ಜ್ ಸಾಹೇಬರ ಹಿಂದಿನ ಗೋಡೆಯ ಬಿರುಕನ್ನು ದಿಟ್ಟಿಸಿ ನೋಡಿ, "ಇದನ್ನು ಕಟ್ಟಿದವನು ಮಾತ್ರ ಯಾರೋ ಕಚ್ಚಾ ಮನುಷ್ಯ" ಅಂತ ಹೇಳಿ ಬಸ್ಸಿಗೆ ನಡೆದ.

೪. ಯಾರದ್ದು?

ಕಾಕಾನ ಸಾಕ್ಷಿಗೆ ಒಂದು ವಾರ ಇತ್ತು. ಆ ವಾರ ಹೋಟೆಲಿನಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಅಡಿಗೆಯವರು ಊರಿಗೆ ಕಾಗದ ಬರೆಯತೊಡಗಿದ್ದರು. ಅಣ್ಣಾನ ಹೆಂಡತಿ ಟ್ರಂಕುಗಳ ಧೂಳು ಒರೆಸುತ್ತಿದ್ದರು. ಅಣ್ಣಾ ಕಲ್ಲಿನ ಪಕ್ಕ ಕೂತು, "ನಿನ್ನನ್ನು ಬಿಟ್ಟು ಹೋಗುವುದು ಹ್ಯಾಗೆ, ನೀನು ಏಳುವುದೂ ಇಲ್ಲವಲ್ಲ" ಅನ್ನುತ್ತಿದ್ದರು.

ಇಂಥ ಹೊತ್ತಿನಲ್ಲೇ ನನ್ನ ತಲೆ ಓಡುವುದು. ನಾನು ವಕೀಲ ಸಾಹೇಬರ ಬಳಿ ಹೋಗಿ ಮೆಲ್ಲಗೆ ಹೇಳಿದೆ: "ಸಾಹೇಬ್ರ, ಕಲ್ಲು ಏಳತದೋ ಇಲ್ಲೋ ಕೇಳಲೇಬ್ಯಾಡ್ರಿ. ಯಾರದ್ದು ಅಂತ ಕೇಳ್ರಿ." ಅವರು ಕನ್ನಡಕ ಒರೆಸಿ ಹಾಕಿಕೊಂಡು ಕೇಸಿನ ಕಟ್ಟು ಮತ್ತೆ ಬಿಚ್ಚಿದರು.

ಕಾಕಾ ಜರಿಯಂಚಿನ ಉಪರಣೆ ಹೊದ್ದು ಕಟಕಟೆಗೆ ಬಂದರು. ನಮ್ಮ ಸಾಹೇಬರು ಬಹಳ ವಿನಯದಿಂದ ಶುರು ಮಾಡಿದರು.

"ವಾಡೆ ನಿಮ್ಮದು?"

"ನನ್ನದೇ. ನಾಲ್ಕು ತಲೆಮಾರಿನದ್ದು."

"ಅಂಗಳದ ಬೇವಿನ ಮರ? ಪಕ್ಕದ ಮನೆಯವರದ್ದು ಅಂತ ಕೇಳಿದ್ದೆ."

"ಯಾವನು ಹೇಳಿದ್ದು? ನನ್ನದು!"

"ಬಾಗಿಲ ಮುಂದಿನ ಕಲ್ಲುಬೆಂಚು? ಅದನ್ನು ನಗರಪಾಲಿಕೆಯವರು ಹಾಕಿದ್ದಂತೆ."

"ಸುಳ್ಳು! ನಮ್ಮಪ್ಪ ಹಾಕಿಸಿದ್ದು. ನನ್ನದು."

"ನಲ್ಲಿಯ ಕೆಳಗಿನ ಬಟ್ಟೆ ಒಗೆಯುವ ಬಂಡೆ?"

"ನನ್ನದೇ ಅಂದೆನಲ್ಲ! ವಾಡೆಯ ಹೊಸ್ತಿಲೊಳಗೆ ಇರೋ ಹರಳು ಕಲ್ಲೂ ನನ್ನದೇ."

"ಅಡಿಗೆಮನೆಯ ರುಬ್ಬುವ ಕಲ್ಲು ಮಾತ್ರ ಅಣ್ಣಾನದ್ದು, ಅಲ್ಲವೇ?"

ಕಾಕಾನ ವಕೀಲರು ಅರ್ಧ ಎದ್ದು ಕೆಮ್ಮಿದರು. ಕಾಕಾ ಆ ಕಡೆ ನೋಡಲೇ ಇಲ್ಲ. ಮುಖ ಕೆಂಪಾಗಿತ್ತು.

"ಅವನದ್ದು ಹ್ಯಾಗಾಗ್ತದೆ? ನನ್ನ ನೆಲದಲ್ಲಿದೆ, ನನ್ನದು! ನಮ್ಮ ಅಜ್ಜನ ಕಾಲದ್ದು! ನಮ್ಮ ಅಜ್ಜಿ ಹೋಳಿ ಹುಣ್ಣಿಮೆಗೆ ಅದರಲ್ಲೇ ಹೂರಣ ರುಬ್ಬುತ್ತಿದ್ದಳು!"

ಜಡ್ಜ್ ಸಾಹೇಬರು ಲೇಖಣಿ ಕೆಳಗಿಟ್ಟರು. "ಕಲ್ಲು ಕೂಡಿಸಿದ್ದು ನಾನೇ ಅಂತ ಮೇಸ್ತ್ರಿ ಆವತ್ತು ಹೇಳಿದನಲ್ಲ?"

"ಸಾಹೇಬ್, ಆ ಮೇಸ್ತ್ರಿ ಶುದ್ಧ ಸುಳ್ಳುಗಾರ!" ಅಂದರು ಕಾಕಾ.

"ಅಜ್ಜನ ಕಾಲದ ಕಲ್ಲಾದರೆ, ಈ ಮನುಷ್ಯ ನಿಮ್ಮ ಜಾಗದಲ್ಲಿ ಕಟ್ಟಿದ್ದೇನು?"

ಕಾಕಾ ಆಗ ತಮ್ಮ ವಕೀಲರ ಕಡೆ ತಿರುಗಿದರು. ಅವರು ಅಷ್ಟರಲ್ಲಿ ಕಾಗದಗಳನ್ನು ಕಟ್ಟಿಕೊಳ್ಳುತ್ತಿದ್ದರು. ದಾವೆ ವಜಾ ಆಯಿತು. ಅಣ್ಣಾ ಕೋರ್ಟಿನ ಪಡಸಾಲೆಯಲ್ಲೇ ನನ್ನನ್ನು ತಬ್ಬಿಕೊಂಡರು, ಸೊಂಟ ಇನ್ನೊಮ್ಮೆ ಕಟ್ ಅಂತು.

ಮರುದಿನ ಬೆಳಿಗ್ಗೆ ಕಾಕಾ ಏನೂ ಆಗದವರಂತೆ ತಮ್ಮ ಮಾಮೂಲಿ ಜಾಗದಲ್ಲಿ ಬಂದು ಕೂತರು. "ಅಣ್ಣಾ, ನನ್ನ ಕಲ್ಲಿನ ಇಡ್ಲಿ ಎರಡು ಹಾಕು" ಅಂದರು, ಮೂರು ಮೇಜಿನಾಚೆಗೂ ಕೇಳುವಂತೆ.

ಅಣ್ಣಾ ಇಡ್ಲಿ ಹಾಕಿ, ಕೈಮುಗಿದು ಹೇಳಿದರು: "ತಕ್ಕೊಳ್ಳಿ ಕಾಕಾ. ನಿಮ್ಮ ಕಲ್ಲು ಸವೆದು ನುಣ್ಣಗಾಗಿದೆ. ಉಳಿ ಹೊಡೆಸಿ ಒರಟು ಮಾಡಿಸಬೇಕು. ಮಾಲಕರ ಸಾಮಾನಿನ ರಿಪೇರಿ ಮಾಲಕರೇ ಮಾಡಿಸಬೇಕಂತೆ, ಕಾಯಿದೆ ಹಾಗೆ ಹೇಳ್ತದಂತೆ."

ಕಾಕಾ ಮಾಡಿಸಿದರು. ಮುಂದೆ ಪ್ರತಿ ವರ್ಷವೂ ಮಾಡಿಸಿದರು. ನನ್ನದಲ್ಲ ಅನ್ನಲು ಬಾಯಿ ಬರಬೇಕಲ್ಲ!

ಇದಿಷ್ಟೂ ಸತ್ಯ. ಒಂದು ಸಣ್ಣ ವಿಷಯ ಮಾತ್ರ ನಾನೇ ಸೇರಿಸಿದ್ದು, ಅದನ್ನೂ ಒಪ್ಪಿಕೊಂಡುಬಿಡುತ್ತೇನೆ. 'ಯಾರದ್ದು ಅಂತ ಕೇಳ್ರಿ' ಅನ್ನುವ ಉಪಾಯ ಹೊಳೆದದ್ದು ನನ್ನ ತಲೆಗಲ್ಲ. ಆ ವಾರ ನಾನು ಹಾಸಿಗೆ ಹಿಡಿದು ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೆ. ನಲ್ಲಿಯ ಬಳಿ ಟ್ರಂಕಿನ ಸುದ್ದಿ ಕೇಳಿ, ಅಣ್ಣಾನ ಹೆಂಡತಿಯ ಕಿವಿಯಲ್ಲಿ ಅದನ್ನು ಹೇಳಿ ವಕೀಲರವರೆಗೆ ಮುಟ್ಟಿಸಿದವರು ಕಾಕು.

"ಯಾಕೆ ಕಾಕು, ಸ್ವಂತ ಗಂಡನ ಕೇಸು ಸೋಲಿಸಿದಿರಿ?" ಅಂತ ಬಹಳ ದಿನದ ಮೇಲೆ ನಾನೇ ಕೇಳಿದೆ.

ಕಾಕು ಕೊಡ ಸೊಂಟಕ್ಕೇರಿಸಿಕೊಂಡು ಹೇಳಿದರು: "ಇನ್ನೇನು ಮಾಡಲಿ? ಅಳಿಯ ಬಂದು ರೇಡಿಯೋ ಅಂಗಡಿ ಇಟ್ಟರೆ ಬೆಳಿಗ್ಗೆ ಇವರಿಗೆ ಹಾಡು ಸಿಗುತ್ತಿತ್ತು, ಸರಿ. ನಾಷ್ಟಾ ಮಾಡಬೇಕಾಗಿದ್ದವಳು ನಾನು!"