ಅಪ್ಪ ಮಾಡಿದ ಜೋಡಿ ವೀರರು

ಇಷ್ಟೆಲ್ಲ ಒಂದು ಒದ್ದೆ ಅಂಗಿಯಿಂದ ಆಯಿತು ಎಂದರೆ ಯಾರೂ ನಂಬುವುದಿಲ್ಲ. ಸಿಮೆಂಟಿನಲ್ಲಿ ಮೂರ್ತಿ ಮಾಡುವ ಗೊಂಬೆಯಣ್ಣನ ಅಂಗಳದಲ್ಲಿ ಊರಿನ ರಾಜಕೀಯ ನಾಯಕರ ಆಳೆತ್ತರದ ಪ್ರತಿಮೆ ಹಗ್ಗದ ಆಸರೆಯಲ್ಲಿ ನಿಂತಿತ್ತು. ಬೆಳಿಗ್ಗೆ ಅವನ ಭಾವಮೈದುನನಿಗೆ ಅಂಗಿ ಒಣಹಾಕಲು ಹಗ್ಗ ಬೇಕಾಯಿತು. ಕೈಗೆ ಸಿಕ್ಕಿದ್ದನ್ನು ಬಿಚ್ಚಿದ. ನಾಯಕರು ಜೀವಮಾನದಲ್ಲಿ ಮೊದಲ ಸಲ ಭಾಷಣವಿಲ್ಲದೆ ಮುಂದಕ್ಕೆ ವಾಲಿ, ಮುಖ ಅಡಿಯಾಗಿ ಬಿದ್ದು ಚೂರುಚೂರಾದರು.

ಅದೇ ಸಂಜೆ ಮಾರುಕಟ್ಟೆಯ ಚೌಕದಲ್ಲಿ ಪ್ರತಿಮೆಯ ಅನಾವರಣ. ಪರದೆ ಎಳೆಯಲು ನಾಯಕರೇ ಖುದ್ದಾಗಿ ಬರುವವರಿದ್ದರು.

"ಗಟ್ಟಿಯಾಗಿ ನಿಂತಿದಾರೆ ಅಂದ್ಕೊಂಡೆ ಭಾವ," ಎಂದ ಭಾವಮೈದುನ, ಅಂಗಿ ಹಿಂಡುತ್ತಾ.

ಸುದ್ದಿ ಕೇಳಿ ಓಡಿಬಂದ, ಪ್ರತಿಮೆ ಮಾಡಿಸಿದ್ದ ವರ್ತಕರ ಸಂಘದ ಕಾರ್ಯದರ್ಶಿ ತಲೆಯ ಮೇಲೆ ಕೈಹೊತ್ತು ಕೂತರು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಕಿರೀಟ ತೊಟ್ಟು, ಬಿಲ್ಲು ಹಿಡಿದ ಪುರಾಣದ ವೀರರಿಬ್ಬರು ನಿಂತಿದ್ದರು. ಒಂದೇ ಅಚ್ಚಿನ ಜೋಡಿ ಮೂರ್ತಿಗಳು. ಗೊಂಬೆಯಣ್ಣನ ಅಪ್ಪ ತೀರಿಕೊಳ್ಳುವ ವರ್ಷ ಮಾಡಿದ್ದು. ಒಂದನ್ನು ಪಕ್ಕದ ಮನೆಯ ಮೇಷ್ಟ್ರು ತಮ್ಮ ಶಾಲೆಗೆಂದು ಕೇಳಿಟ್ಟಿದ್ದರು, ಮಾರನೆಯ ದಿನ ಒಯ್ಯುವವರಿದ್ದರು. ಇನ್ನೊಂದನ್ನು ಗೊಂಬೆಯಣ್ಣ ಯಾರಿಗೂ ಕೊಡುವವನಲ್ಲ. ಆ ಮುಖದ ಶಾಂತಿ ತನ್ನ ಕೈಗೆ ಎಂದೂ ಬರಲಿಲ್ಲವೆಂಬುದು ಅವನಿಗೆ ಗೊತ್ತಿತ್ತು. ದಿನಾ ಕೆಲಸಕ್ಕೆ ಕೂರುವ ಮುಂಚೆ ಅದನ್ನೊಮ್ಮೆ ನೋಡಿದರೆ ಅಪ್ಪ ಮಾತಾಡಿಸಿದ ಹಾಗಾಗುತ್ತಿತ್ತು.

"ತಲೆ ಒಂದು ಬದಲಾಯಿಸಿಕೊಡು, ಸಾಕು," ಎಂದರು ಕಾರ್ಯದರ್ಶಿ.

"ಅದು ಅಪ್ಪ ಮಾಡಿದ್ದು ಸಾರ್."

"ಮೈ ಅಪ್ಪನದೇ ಇರ್ಲಿ, ಯಾರು ಬೇಡ ಅಂದ್ರು? ನೋಡು, ಈ ಅಂಗಳ ಸಂಘದ ಜಾಗ. ಸಂಜೆ ಮಾನ ಹೋದ್ರೆ ಸಂಘದವರು ನಿನ್ನನ್ನ ಇಲ್ಲಿ ಇಟ್ಕೊಳ್ತಾರಾ?"

ಕಾಂಪೌಂಡು ಗೋಡೆಯಾಚೆಯಿಂದ ಮೇಷ್ಟ್ರ ತಲೆ ಮೇಲೆದ್ದಿತು. ಗೋಡೆಯ ಈಚೆ ಒಳ್ಳೆಯ ವಾದವೊಂದು ನಡೆಯುತ್ತಿದ್ದರೆ ಅವರಿಗೆ ಕಾಫಿಯೂ ಇಳಿಯುವುದಿಲ್ಲ.

"ಆ ವೀರನ ಮೈ ಮೇಲೆ ಈ ನಾಯಕರ ತಲೆಯಾ? ಕೊಟ್ಟ ಮಾತಿಗಾಗಿ ಅವನು ಸಿಂಹಾಸನ ಬಿಟ್ಟ ಕಣ್ರೀ."

"ನಮ್ಮೋರೂ ಬಿಟ್ಟಿದಾರೆ ಮೇಷ್ಟ್ರೇ, ಎರಡು ಪಕ್ಷ," ಎಂದರು ಕಾರ್ಯದರ್ಶಿ.

"ಅವನು ಯುದ್ಧದಲ್ಲಿ ಎಲ್ಲರಿಗಿಂತ ಮುಂದೆ ನಿಂತ."

"ಇವರೂ ನಿಲ್ತಾರೆ, ಫೋಟೋದಲ್ಲಿ," ಎಂದ ಭಾವಮೈದುನ. ಯಾರೂ ಅವನನ್ನು ಕೇಳಿರಲಿಲ್ಲ.

ಕಾರ್ಯದರ್ಶಿ ಅವನನ್ನು ದುರುಗುಟ್ಟಿ ನೋಡಿ, ಮೇಷ್ಟ್ರ ಕಡೆ ತಿರುಗಿದರು. "ಮಾರುಕಟ್ಟೆಗೆ ಬೆಂಕಿ ಬಿದ್ದ ದಿನ ಅವರು ಬಕೆಟ್ ಹಿಡಿದು ಒಳಗೆ ನುಗ್ಗಿದ್ರು. ಆಗ ಅವರಿಗೆ ಕುರ್ಚಿಯೂ ಇರ್ಲಿಲ್ಲ, ಕಾರೂ ಇರ್ಲಿಲ್ಲ. ಅದನ್ನ ಯಾಕೆ ಹೇಳಲ್ಲ? ನಿಮ್ಮ ವೀರನೇನು ತಪ್ಪೇ ಮಾಡಿಲ್ವಾ? ಅವನ ಬೆನ್ನ ಹಿಂದೆ ಕವಿ ಇದ್ದ, ತಪ್ಪೂ ಚೆನ್ನಾಗಿ ಕಾಣ್ತು. ನಮ್ಮೋರ ಬೆನ್ನ ಹಿಂದೆ ಇರೋದು ಪತ್ರಿಕೆಯವರು."

"ಆದ್ರೂ ಇಬ್ಬರನ್ನೂ ಒಂದೇ ತಕ್ಕಡೀಲಿ ತೂಗಬಾರದು," ಎಂದು ಗೊಣಗಿಕೊಂಡು ಮೇಷ್ಟ್ರು ಕೆಳಗಿಳಿದರು.

ಎಲ್ಲರೂ ಹೋದ ಮೇಲೆ ಗೊಂಬೆಯಣ್ಣ ಕೆಲಸಕ್ಕೆ ಇಳಿದ. ಮೇಷ್ಟ್ರಿಗೆ ಮಾತು ಕೊಟ್ಟಾಗಿತ್ತು, ಹಾಗಾಗಿ ತನಗೆಂದು ಉಳಿಸಿಕೊಂಡದ್ದನ್ನೇ ಮುಂದಕ್ಕೆ ಎಳೆದ. ಅಪ್ಪ ಕಿರೀಟವನ್ನು ಬೇರೆಯಾಗಿಯೇ ಮಾಡಿ ಕೂರಿಸಿದ್ದರಿಂದ ಅದು ಸುಲಭವಾಗಿ ಕಳಚಿತು. ಬಿಲ್ಲು ತೆಗೆದು ಅದೇ ಮುಷ್ಟಿಗೆ ಮೈಕು ತುರುಕಿದ. ಮೈಗೆ ಬಿಳಿ ಶಾಲು ಹೊದಿಸಿದ. ಕಡೆಗೆ ಕುತ್ತಿಗೆಗೆ ಉಳಿ ಇಟ್ಟ, ಸುತ್ತಿಗೆ ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ಅಪ್ಪನ ಕೆಲಸದ ಮೇಲೆ ಕೈ ಮಾಡುವುದು ಅವನಿಂದ ಆಗಲಿಲ್ಲ. ಕಣ್ಣು ತುಂಬಿ ಬಂತು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಕೈ ಬರದಿದ್ರೆ ಬಿಡ್ರೀ. ಅವರ ಹಾಗೆ ಒಂದು ಕನ್ನಡಕ ಹಾಕಿ, ಮೀಸೆ ಬರೀರಿ. ದೊಡ್ಡವರ ಮುಖವನ್ನ ಯಾರು ಸರಿಯಾಗಿ ನೋಡಿರ್ತಾರೆ?"

ಬೇರೆ ದಾರಿಯಿರಲಿಲ್ಲ. ತಂತಿಯ ಕನ್ನಡಕ, ಕಪ್ಪು ಬಣ್ಣದ ಮೀಸೆ. ಮುಖ ಮಾತ್ರ ಅಪ್ಪನ ವೀರನದೇ.

ಸಂಜೆ ಚೌಕದಲ್ಲಿ ಜನ ಕಿಕ್ಕಿರಿದಿದ್ದರು. ನಾಯಕರು ಪರದೆ ಎಳೆದರು. ನೋಡಿದರು. ನೋಡುತ್ತಲೇ ಇದ್ದರು. ಅವರು ನೋಡುತ್ತಿದ್ದುದರಿಂದ ಉಳಿದವರೂ ಉಸಿರು ಬಿಗಿಹಿಡಿದು ನೋಡಿದರು. ಓಡಲು ಯಾವ ಸಂದಿ ಹತ್ತಿರ ಎಂದು ಗೊಂಬೆಯಣ್ಣ ಲೆಕ್ಕ ಹಾಕುತ್ತಿದ್ದ.

ನಾಯಕರು ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಬೆಂಕಿ ಬಿದ್ದ ದಿನ ನಾನು ಹೀಗೇ ಇದ್ದೆ ಕಣಯ್ಯಾ. ಆಮೇಲೆ ಕನ್ನಡಿಯಲ್ಲಿ ನನಗೇ ಈ ಮುಖ ಕಂಡಿಲ್ಲ. ನಿನಗೆ ಹೇಗೆ ಕಾಣಿಸ್ತು?"

ಅವರ ಕಣ್ಣಂಚು ಒದ್ದೆಯಾಗಿತ್ತು. ಅದನ್ನು ಕಂಡ ಕಾರ್ಯದರ್ಶಿ ಚಪ್ಪಾಳೆ ತಟ್ಟಿದರು. ಇಡೀ ಚೌಕ ತಟ್ಟಿತು. ಥೇಟ್ ಅವರೇ, ಎದ್ದು ಬಂದ ಹಾಗಿದೆ ಎಂದು ಮುದುಕರೂ ತಲೆದೂಗಿದರು.

ಗೊಂಬೆಯಣ್ಣ ಹಗುರಾಗಿ ಮನೆಗೆ ಬಂದ. ಅಂಗಳ ಉಳಿಯಿತು, ಅಪ್ಪ ಮಾಡಿದ ಮುಖಕ್ಕೆ ಉಳಿಯೂ ತಾಗಲಿಲ್ಲ. ಮೂಲೆಯಲ್ಲಿ ಮೇಷ್ಟ್ರಿಗೆಂದು ಇಟ್ಟ ಇನ್ನೊಂದು ಮೂರ್ತಿ ಕಿರೀಟ, ಬಿಲ್ಲಿನ ಸಮೇತ ನಿಂತಿತ್ತು. ಅದರ ಎದುರಿಗೆ, ಚೌಕದಿಂದ ಮೊದಲೇ ಬಂದ ಮೇಷ್ಟ್ರು ಮಂಕಾಗಿ ನಿಂತಿದ್ದರು.

"ಬೆಳಿಗ್ಗೆ ಅಷ್ಟು ವಾದ ಮಾಡಿದೆ. ಈಗ ಇವನನ್ನ ಎಷ್ಟು ನೋಡಿದ್ರೂ ನಂಗೆ ನಾಯಕರೇ ಕಾಣ್ತಾರಪ್ಪ. ಮಕ್ಕಳಿಗೆ ಇವನನ್ನ ತೋರಿಸಿ ಹಳೇ ವೀರನ ಕತೆ ಹೇಗೆ ಹೇಳ್ಲಿ?"

ಗೊಂಬೆಯಣ್ಣನೂ ನೋಡಿದ. ಅಪ್ಪ ಕಾಣುತ್ತಾನೇನೋ ಎಂದು ಹತ್ತಿರ ಹೋಗಿ ನೋಡಿದ. ದಿನಾ ಬೆಳಿಗ್ಗೆ ಮಾತಾಡಿಸುತ್ತಿದ್ದ ಅದೇ ಮುಖ ಈಗ 'ಬಂಧುಗಳೇ' ಎಂದು ಶುರು ಮಾಡುವ ಹಾಗಿತ್ತು.

"ತಲೆ ಒಂದು ಬದಲಾಯಿಸಿಕೊಡು, ಸಾಕು," ಎಂದರು ಮೇಷ್ಟ್ರು.

ಗೊಂಬೆಯಣ್ಣ ಉಳಿಯತ್ತ ನೋಡಿದ, ಆದರೆ ಕೈ ಮೇಲೇಳಲಿಲ್ಲ. ಹಿಂದಿನಿಂದ ಭಾವಮೈದುನ, ಒಣಗಿದ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, ಸಹಾಯಕ್ಕೆ ಮುಂದೆ ಬಂದ.

"ಇದಕ್ಕೂ ಹಗ್ಗ ಕಟ್ಟಿದೀರಾ ಭಾವ?"