ಮೂರನೇ ಮಹಡಿಯ ಫ್ರಿಜ್

ಫ್ರಿಜ್ ಸತ್ತದ್ದು ಬೆಳಿಗ್ಗೆ ಐದೂಮುಕ್ಕಾಲಿಗೆ. ಹತ್ತೊಂಬತ್ತು ವರ್ಷ ಗೊರಕೆ ಹೊಡೆದದ್ದು ಒಮ್ಮೆ ಮೈ ನಡುಗಿಸಿ ಸುಮ್ಮನಾಯಿತು. ಆ ಮೌನಕ್ಕೇ ಮೂರನೇ ಮಹಡಿಯ ಸರ್ವೆಯರ್‌ಗೆ ಎಚ್ಚರವಾಯಿತು.

ಬಾಗಿಲು ತೆರೆದ. ದೀಪ ಹತ್ತಲಿಲ್ಲ. ಪ್ಲಗ್ ಕಿತ್ತು ಮತ್ತೆ ಹಾಕಿದ, ಬೆನ್ನು ತಟ್ಟಿದ. ಅದು ನಿಂತಲ್ಲೇ ಪ್ರಾಣ ಬಿಟ್ಟಿತ್ತು.

"ಒಂದು ಮಾತು ಹೇಳ್ದೆ ಹೋಗ್ಬಿಟ್ಯಲ್ಲೋ," ಎಂದ.

ದುಃಖಕ್ಕೆ ಕಾರಣವಿತ್ತು. ಆತನಿಗೆ ಸಕ್ಕರೆ ಕಾಯಿಲೆ. ಫ್ರಿಜ್ಜಿನ ಬಾಗಿಲಲ್ಲಿ ಮೂರು ತಿಂಗಳಿಗಾಗುವಷ್ಟು ಇನ್ಸುಲಿನ್ ಇತ್ತು. ಊರಿನ ಔಷಧಿ ಅಂಗಡಿಗಳಲ್ಲಿ ಅದು ಮುಗಿದು ಎರಡು ವಾರವಾಗಿತ್ತು. ಮತ್ತೆ ಯಾವಾಗ ಬರುತ್ತದೆಂದು ಹೇಳುವವರಿರಲಿಲ್ಲ. ಹೊತ್ತೇರಿದರೆ ನಲವತ್ತು ಡಿಗ್ರಿ ಬಿಸಿಲು, ಬಿಸಿ ತಾಗಿದರೆ ಔಷಧಿ ಕೆಡುತ್ತದೆ. ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ, ಉಳಿದಿದ್ದ ಐಸ್ ತುಂಡುಗಳ ಜೊತೆ ಫ್ಲಾಸ್ಕಿಗೆ ಇಳಿಸಿದ.

ಕಟ್ಟಡಕ್ಕೆಲ್ಲ ಅದೊಂದೇ ಫ್ರಿಜ್. ಏಳಕ್ಕೆಲ್ಲ ಎರಡನೇ ಮಹಡಿಯ ಪೋಸ್ಟ್‌ಮಾಸ್ಟರು ಬಂದರು.

"ನನ್ನ ಗಿಣಿ ಹೇಗಿದೆ?"

"ಯಾವ ಗಿಣಿ ಸಾರ್?"

"ಮೊನ್ನೆ ತೀರ್ಕೊಂಡಿತಲ್ಲ, ಅದೇ. ನಮ್ಮನೆಯವಳು ಊರಿಂದ ಬಂದು ಕೊನೇ ಸಲ ಮುಖ ನೋಡ್ಬೇಕು ಅಂದ್ಳು. ಐಸ್ ಆಗೋ ಕಡೆ, ಕ್ಯಾರೆಟ್ ಕವರ್‌ನಲ್ಲಿ ಇಟ್ಟಿದ್ದೆ. ನೀವು ಬೇಜಾರು ಮಾಡ್ಕೋತೀರಿ ಅಂತ ಹೇಳ್ಲಿಲ್ಲ."

ಹಿಂದೆಯೇ ಕೆಳಮನೆಯ ಅಕ್ಕ ಏದುಸಿರು ಬಿಡುತ್ತಾ ಹತ್ತಿ ಬಂದಳು. "ಅಯ್ಯೋ ತಮ್ಮಾ, ಇದನ್ನ ನಂಬ್ಕೊಂಡು ನಾಲ್ಕು ಕೆಜಿ ಮೀನು ತಗೊಂಡ್ನಲ್ಲೋ! ಹೋಗೋದು ಹೋಯ್ತು, ಒಂದು ದಿನ ಮುಂಚೆ ಹೋಗ್ಬಾರ್ದಿತ್ತಾ?"

ಫ್ರಿಜ್ ಅಂಗಡಿ ತೆರೆಯುವ ಹೊತ್ತಿಗೆ ಮೂವರೂ ಅದರ ಮುಂದಿದ್ದರು. ಸರ್ವೆಯರ್ ಚಿಕ್ಕದೊಂದರ ಮೇಲೆ ಕೈಯಿಟ್ಟ.

"ಇದಾ? ಇದ್ರಲ್ಲಿ ಮೀನು ಬಾಲ ಮಡಚ್ಕೊಂಡು ಮಲಗ್ಬೇಕು," ಎಂದಳು ಅಕ್ಕ.

"ದೊಡ್ಡದೇ ತಗೊಳ್ಳಿ," ಎಂದರು ಪೋಸ್ಟ್‌ಮಾಸ್ಟರು. "ಜೀವನದಲ್ಲಿ ಒಂದೇ ಸಲ."

"ಇದು ಎರಡನೇ ಸಲ ಸಾರ್."

"ಹಾಗಾದ್ರೆ ಕೊನೇ ಸಲ."

ಹನ್ನೊಂದಕ್ಕೆ ಬೀರುವಿನಂಥ ಎರಡು ಬಾಗಿಲಿನ ಫ್ರಿಜ್ ಬಂತು. ಮೆಟ್ಟಿಲಿನ ಮೊದಲ ತಿರುವಿನಲ್ಲೇ ಗಂಟಲಿಗೆ ಸಿಕ್ಕ ಮುಳ್ಳಿನಂತೆ ನಿಂತಿತು. ಓರೆ ಮಾಡಿದರು, ಎತ್ತಿದರು, ಗೋಡೆಯ ಗಾರೆ ಉದುರಿತು. ಇಪ್ಪತ್ತಾರು ವರ್ಷ ಪರರ ನೆಲವನ್ನು ಇಂಚಿಂಚೂ ಅಳೆದವನು ತನ್ನ ಮೆಟ್ಟಿಲನ್ನು ಅಳೆದಿರಲಿಲ್ಲ. ಎರಡು ಇಂಚು ಕಡಿಮೆ ಬಿದ್ದಿತ್ತು.

"ಗೋಡೆ ಒಡೀರಿ, ಇಲ್ಲಾ ಕೆಳಗೇ ಇಟ್ಕೊಳ್ಳಿ. ನಮಗಿನ್ನೂ ಆರು ಮನೆ ಇದೆ," ಎಂದ ಹೊತ್ತವರಲ್ಲೊಬ್ಬ.

ಅಕ್ಕ ಆಗಲೇ ತನ್ನ ಅಡುಗೆಮನೆಯ ಮೂಲೆ ಗುಡಿಸಿ ಬಂದಿದ್ದಳು. "ನಮ್ಮನೇಲಿರ್ಲಿ ಬಿಡೋ. ನಿಂದೇ ಅಲ್ವಾ!"

ಫ್ಲಾಸ್ಕಿನ ಐಸ್ ಕರಗಿ ನೀರಾಗಿತ್ತು. ಹೊರಗೆ ಕಚೇರಿಯ ಜೀಪು ಹಾರ್ನ್ ಹೊಡೆಯುತ್ತಿತ್ತು. ಸರ್ವೆಯರ್ ಬಾಟಲಿಗಳನ್ನು ಅಕ್ಕನ ಕೈಗಿತ್ತ.

"ಅಕ್ಕಾ, ಇದು ನನ್ನ ಪ್ರಾಣ. ಮರೀದೆ ಫ್ರಿಜ್ ಒಳಗಿಡಿ. ಬಿಸಿ ತಾಗ್ಬಾರ್ದು."

"ನಿನ್ನ ಪ್ರಾಣ ಬೇರೆ, ನನ್ನ ಪ್ರಾಣ ಬೇರೆನಾ? ನಡಿ, ಕೆಲಸ ನೋಡ್ಕೋ."

ಬಿಸಿಲಲ್ಲಿ ಹೊಲದ ಬದು ಅಳೆದು, ಎಂಟಕ್ಕೆ ಮರಳಿದ. ಹೊಸ ಫ್ರಿಜ್ ಸದ್ದೇ ಇಲ್ಲದೆ ಓಡುತ್ತಿತ್ತು. ಬಾಗಿಲು ತೆರೆದರೆ ಥಳಥಳ ದೀಪ. ತಟ್ಟೆಗಳ ತುಂಬ ಮೀನು, ಮೀನು, ಮೀನು. ಬಾಟಲಿಗಳು ಕಾಣಲಿಲ್ಲ.

"ಔಷಧಿ ಎಲ್ಲಕ್ಕಾ?"

"ಕೆಳಗೆ ಅಷ್ಟೇನೂ ತಣ್ಣಗಿರ್ಲಿಲ್ಲ ಕಣೋ. ನನ್ನ ಮೀನು ಈಚೆ ತೆಗೆದು ಮೇಲೆ, ಐಸ್ ಆಗೋ ಕಡೆ ಜಾಗ ಮಾಡಿದೆ. ಮೀನು ಕೆಟ್ರೆ ಕೆಡ್ಲಿ, ಮನುಷ್ಯ ಮುಖ್ಯ."

ಸರ್ವೆಯರ್ ಮೇಲಿನ ಬಾಗಿಲು ತೆರೆದು ಒಂದು ಬಾಟಲಿ ಎತ್ತಿ ಓರೆ ಮಾಡಿದ. ಒಳಗಿದ್ದದ್ದು ಅಲುಗಲಿಲ್ಲ. ಇನ್ನೊಂದನ್ನು ಎತ್ತಿದ, ಅದೂ ಕಲ್ಲು. ಬಾಟಲಿಗೆ ಅಂಟಿಸಿದ ಚೀಟಿಯ ಸಣ್ಣ ಅಕ್ಷರಗಳ ಕೊನೆಯ ಸಾಲನ್ನು ದೀಪಕ್ಕೆ ಹಿಡಿದು ಓದಿದ: ಹೆಪ್ಪುಗಟ್ಟಿದ್ದನ್ನು ಕರಗಿಸಿಯೂ ಬಳಸಬಾರದು.

ಅಕ್ಕ ಅವನ ಮುಖ ನೋಡಿ ಕರಗಿದಳು.

"ಇಷ್ಟಕ್ಕೆಲ್ಲಾ ಕಣ್ಣೀರು ಹಾಕ್ತಾರೇನೋ ತಮ್ಮಾ? ಅಕ್ಕಪಕ್ಕದವರು ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೇಗೆ?"